ಹಗ್ಗಕ್ಕೆ ಕೈ ಹಚ್ಚಿದವರು

ಮಂಕಿಯ ಮಹಾಲಕ್ಷ್ಮಿಗೆ ಕುರ್ಚಿ ಹತ್ತುವ ಚಟ ಅಂಟಿದ್ದು ಹೊಳನಗದ್ದೆಯ ಒಂದು ಮದುವೆಯಲ್ಲಿ. ಆಗ ಅವಳಿಗೆ ಇಪ್ಪತ್ತೆರಡು. ಕುಮಟೆಯ ವಿಶ್ವನಾಥರ ಸ್ಟುಡಿಯೋದಲ್ಲಿ ಆಲ್ಬಮ್ಮಿಗೆ ಫೋಟೊ ಅಂಟಿಸುವ ಕೆಲಸ. ಮದುವೆಯ ದಿನವೇ ವಿಶ್ವನಾಥರು ಜ್ವರ ಬಂದು ಮಲಗಿದರು. ಬೇರೆ ದಾರಿಯಿಲ್ಲದೆ ಕ್ಯಾಮೆರಾ ಇವಳ ಕುತ್ತಿಗೆಗೆ ಬಿತ್ತು. ಧಾರೆಯ ಹೊತ್ತಿಗೆ ಮಂಟಪದ ಸುತ್ತ ಗಂಡಸರೆಲ್ಲ ಗೋಡೆಯಂತೆ ನಿಂತುಬಿಟ್ಟಿದ್ದರು. ಇವಳು ಒಂದು ಕುರ್ಚಿ ಎಳೆದು ಹತ್ತಿಯೇಬಿಟ್ಟಳು.

"ಹೆಣ್ಣು ಹುಡುಗಿ ಮಂಟಪದೆದುರು ಕುರ್ಚಿ ಹತ್ತೂದಾ? ಇಳಿಯೇ ಕೆಳಗೆ!" ಎಂದು ಹಿರಿಯರೊಬ್ಬರು ಗುಡುಗಿದರು.

"ಇಳಿತೆ. ಕೆಳಗಿಂದ ತೆಗೆದ್ರೆ ನಿಮ್ಮ ಬೆನ್ನು ಚಂದ ಬರ್ತದೆ, ಮದುಮಕ್ಕಳು ಬರೂದಿಲ್ಲ. ಆಗಬಹುದಾ?" ಎಂದಳು ಇವಳು.

ಹೆಂಗಸರು ನಕ್ಕರು. ಹಿರಿಯರು ಪಕ್ಕಕ್ಕೆ ಸರಿದರು. ಅಂದಿನಿಂದ ಇಂದಿನವರೆಗೆ ಇಪ್ಪತ್ತು ವರ್ಷ, ಅವಳು ಯಾರು ಹೇಳಿದರೂ ಕುರ್ಚಿಯಿಂದ ಇಳಿದಿಲ್ಲ.

ಈಗ ಹೊನ್ನಾವರದಲ್ಲಿ ಟೈಲರ್ ಅಂಗಡಿಯ ಮಹಡಿ ಮೇಲೆ ಅವಳದೇ ಸ್ಟುಡಿಯೋ. ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಮದುವೆಯೆಂದರೆ ಹೆಂಗಸರ ಕಡೆಗೆ ಇವಳಿಗೇ ಕರೆ. ಅಲ್ಲಿ ಗಂಡು ಫೋಟೊಗ್ರಾಫರಿಗೆ ಪ್ರವೇಶವಿಲ್ಲ. ಕೆಲಸ ಮುಗಿದ ಮೇಲೆ ಮದುಮಗಳ ತಾಯಿಯ ಕಣ್ಣೆದುರೇ ಕ್ಯಾಮೆರಾದ ಮೆಮೊರಿ ಕಾರ್ಡು ತೆಗೆದು ಅವರ ಕೈಗೇ ಕೊಟ್ಟು, ಒಂದು ಚಿತ್ರವನ್ನೂ ಇಟ್ಟುಕೊಳ್ಳದೆ ಬರುವವಳು ಎಂದು ಹೆಸರು. ಆ ಕಾರ್ಡು ಕೊಡುವಾಗ ಅವಳಿಗೆ ಬೇಸರವಿಲ್ಲ. ಬೇಸರವಿದ್ದದ್ದು ರೆಸಾರ್ಟಿನ ಮದುವೆಗಳಲ್ಲಿ ಹೊರಗಿನವರ ಕೈಗೆ ಕೊಡುವ ಕಾರ್ಡಿನ ಮೇಲೆ.

ಸಮುದ್ರ ದಂಡೆಯಲ್ಲಿ ರೆಸಾರ್ಟುಗಳೆದ್ದು, ಬೆಂಗಳೂರಿನವರು ನಮ್ಮ ಮರಳಿನ ಮೇಲೆ ಮದುವೆಯಾಗತೊಡಗಿ ಒಂಬತ್ತು ವರ್ಷ. ಅಷ್ಟೂ ವರ್ಷ ಇವಳು ಅಲ್ಲಿ 'ಸೆಕೆಂಡ್ ಕ್ಯಾಮೆರಾ'. ಬಿಸಿಲು ಯಾವ ಕಡೆಯಿಂದ, ಗಾಳಿ ಎಷ್ಟೊತ್ತಿಗೆ, ಎಲ್ಲಿ ನಿಂತರೆ ಕಾಲು ಹೂತುಹೋಗುತ್ತದೆ ಎಂದೆಲ್ಲ ಹೇಳಿಕೊಡಬೇಕಾದವಳು ಇವಳು. ಕೊನೆಗೆ ಚಿತ್ರದ ಮೇಲೆ ಹೆಸರು ಮಾತ್ರ ಹೊರಗಿನಿಂದ ಬಂದವರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದೇವೆ, ಎಮ್ಮೆ ಕರೆದ ಹಾಲಿಗೆ ಎತ್ತಿನ ಹೆಸರಿಡುವುದನ್ನು ಇಲ್ಲಿಯೇ ನೋಡಿದ್ದು. ಒಂದು ಸಲವಾದರೂ 'ಛಾಯಾಗ್ರಹಣ: ಮಹಾಲಕ್ಷ್ಮಿ, ಮಂಕಿ' ಎಂದು ಮೊದಲಿಗೆ ಬರಬೇಕು ಎಂಬುದು ಅವಳ ಹಟ. ಆಸೆಯೆಂದರೆ ಅವಳಿಗೆ ಸಿಟ್ಟು ಬರುತ್ತದೆ, ಹಾಗಾಗಿ ಹಟವೆಂದೇ ಬರೆದೆ.

ಕಳೆದ ವರ್ಷ ಆ ದಿನ ಬಂದಂತೆಯೇ ಕಂಡಿತು. ಬೆಂಗಳೂರಿನ ಚಂದನಾ ಎಂಬ ಹುಡುಗಿಯ ಮದುವೆ, ಡಿಸೆಂಬರಿನ ಹುಣ್ಣಿಮೆಗೆ, ಮಂಕಿಯ ದಂಡೆಯಲ್ಲೇ. ಎಲ್ಲದರ ಉಸ್ತುವಾರಿ ಪ್ರವೀಣ ಎಂಬ ವೆಡ್ಡಿಂಗ್ ಪ್ಲಾನರ್‌ನದು. ಫೋಟೊ, ವಿಡಿಯೊ ಎರಡಕ್ಕೂ ಯೋಜನೆ ಮಾಡಿ ತರಲು ಮಹಾಲಕ್ಷ್ಮಿಗೆ ಹೇಳಿದ. ಅವಳು ನಾಲ್ಕು ಸಂಜೆ ದಂಡೆ ಸುತ್ತಿದಳು. ಹುಣ್ಣಿಮೆಯ ದಿನ ಮಧ್ಯಾಹ್ನ ನೀರು ಮೇಲೇರಿರುತ್ತದೆ, ಆದ್ದರಿಂದ ಅರಿಶಿನದ ಶಾಸ್ತ್ರ ತೆಂಗಿನ ತೋಟದ ನೆರಳಲ್ಲಿ. ಸಂಜೆ ಐದೂವರೆಗೆ ನೀರು ಇಳಿದು ಒದ್ದೆ ಮರಳಲ್ಲಿ ಆಕಾಶವೆಲ್ಲ ಕಾಣುತ್ತದೆ, ಹಾರ ಬದಲಿಸುವುದು ಆಗ. ಉಪ್ಪುಗಾಳಿಗೆ ಗಳಿಗೆಗೊಮ್ಮೆ ಲೆನ್ಸ್ ಒರೆಸಲು ಹಳೆಯ ಹತ್ತಿ ಸೀರೆಯ ತುಂಡು. ದೋಣಿಗಳು ಎಡಕ್ಕೆ, ವೇದಿಕೆ ಬಲಕ್ಕೆ. ನೋಡಲು ಬಂದಿದ್ದ ಚಂದನಾ ಬಣ್ಣದ ದೋಣಿಗಳನ್ನು ಸವರಿ, "ಇವೂ ಫೋಟೋದಲ್ಲಿ ಬರ್ತಾವಲ್ಲ ಆಂಟಿ?" ಎಂದು ಕೇಳಿದ್ದಳು. ಬಾರದೆ ಏನು, ಎಂದಿದ್ದಳು ಇವಳು.

ಪ್ರವೀಣ ಬೇರೆ ಲೋಕದಲ್ಲಿದ್ದ. ಲ್ಯಾಪ್‌ಟಾಪ್ ತೆರೆದು ಯಾವುದೋ ದೇಶದ ದಂಡೆಗಳನ್ನು ತೋರಿಸಿದ. ಬಿಳಿ ಮರಳು, ನೀಲಿ ನೀರು, ನರಪಿಳ್ಳೆ ಇಲ್ಲ.

"ನಮಗೆ ಹೀಗೆ ಕ್ಲೀನ್ ಬೀಚ್ ಬೇಕು ಮೇಡಂ. ದೋಣಿ, ಬಲೆ, ಆ ಜನ, ಯಾವುದೂ ಫ್ರೇಮಲ್ಲಿ ಬರಬಾರದು. ನೀವು ಲೋಕಲ್ಲು. ಎರಡು ದಿನ ಎಲ್ಲ ತೆಗೆಸಿಬಿಡಿ. ತೆಗೆಸಿದ್ರೆ ಫಿಲ್ಮ್ ನಿಮ್ಮದು, ಮೊದಲ ಹೆಸರು ನಿಮ್ಮದು. ಇಲ್ಲಾಂದ್ರೆ ಮುಂಬೈ ಟೀಮ್ ಬರುತ್ತೆ, ನೀವು ಎಂದಿನ ಹಾಗೆ ಸೆಕೆಂಡ್."

"ಆ ದೋಣಿ ನಮ್ಮಣ್ಣಂದು," ಎಂದಳು ಮಹಾಲಕ್ಷ್ಮಿ.

"ಹಾಗಾದ್ರೆ ಇನ್ನೂ ಸುಲಭ ಆಯ್ತಲ್ಲ!"

ಸುಲಭವೇ ಆಗಿತ್ತು, ಅದೇ ಕಷ್ಟ. ಅಣ್ಣ ಮಂಜ ಕೇಳಿದ ತಕ್ಷಣ, "ಎರಡು ದಿನಕ್ಕೆ ಎಂತ ಆಗ್ತದೆ ತಂಗಿ? ನಿಂಗೆ ಹೆಸರು ಬರೂದಾದ್ರೆ ದೋಣಿ ಎಳೆದು ತೋಟದ ಒಳಗೆ ಇಡ್ತೆ," ಎಂದುಬಿಟ್ಟ. ತಾಯಿ ನಾಗು ಪಕ್ಕದಲ್ಲಿ ಒಣಮೀನು ಮಗುಚುತ್ತ ಕುಳಿತಿದ್ದಳು. ಮಹಾಲಕ್ಷ್ಮಿಯ ಮೊದಲ ಕ್ಯಾಮೆರಾ ಬಂದದ್ದು ಅಪ್ಪನ ಬಲೆಯ ಬಂಗಡೆ ಮೀನು ಮಾರಿದ ದುಡ್ಡಿನಿಂದ. ಹೆಸರು ಬೇಕೆಂದು, ಹತ್ತಿಬಂದ ಏಣಿಯನ್ನೇ ಒದೆಯಲು ಅವಳಿಂದಾಗಲಿಲ್ಲ. ಆ ಕ್ಷಣ ಅವಳಿಗೆ ಅಳು ಬಂದದ್ದು ನಿಜ, ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದೂ ನಿಜ.

"ಬೇಡ ಅಣ್ಣ. ಇವತ್ತು ದೋಣಿ ತೆಗಿ ಅಂದ. ನಾಳೆ ಅಬ್ಬೆಯ ಒಣಮೀನು ತೆಗಿ ಅಂಬ. ನಾಡಿದ್ದು ನೀನೇ ಏಳು ಅಂಬ," ಎಂದಳು. ಅಲ್ಲೇ ನಿಂತು ಪ್ರವೀಣನಿಗೆ ಫೋನು ಮಾಡಿದಳು. "ದೋಣಿ ಏಳೂದಿಲ್ಲ. ನಾ ಸೆಕೆಂಡಿಗೂ ಬರೂದಿಲ್ಲ. ನಿಮ್ಮ ಮುಂಬೈಯವರಿಗೆ ಬಿಸಿಲು ಯಾವ ಕಡೆ ಅಂತ ನೀವೇ ಹೇಳಿಕೊಡಿ."

ಹೀಗೆ ಬರುವ ಹೆಸರು ಹೋಯಿತು, ಇದ್ದ ಕೆಲಸವೂ ಹೋಯಿತು. ಹೊನ್ನಾವರದಲ್ಲಿ ಕೆಲವರು ಇದನ್ನು ಸೊಕ್ಕು ಎಂದರು. ಇರಬಹುದು. ಸೊಕ್ಕಿಗೂ ಒಂದು ಜಾಗ ಬೇಕಲ್ಲ.

ಮದುವೆಯ ದಿನ ಅವಳು ಸ್ಟುಡಿಯೋ ಮುಚ್ಚಿ ತಾಯಿಯ ಮನೆಗೆ ಬಂದು ಕುಳಿತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ದಂಡೆಯಿಂದ ಕೂಗು ಕೇಳಿತು. ಬಂಗಡೆಯ ಹಿಂಡು ದಡದ ಹತ್ತಿರವೇ ಬಂದಿತ್ತು. ಮಂಜನ ದೋಣಿ ಆಗಲೇ ಹೊರಟು ರಂಪಣಿ ಬಲೆಯನ್ನು ಅರ್ಧಚಂದ್ರದಂತೆ ಸುತ್ತು ಹಾಕಿ, ಹಗ್ಗದ ಎರಡು ತುದಿಗಳನ್ನು ದಡಕ್ಕೆ ತಂದಿತ್ತು. ಇನ್ನು ಊರೇ ಸೇರಿ ಎಳೆಯಬೇಕು. ಗಂಡು ಹೆಣ್ಣು ಎಂದಿಲ್ಲ, ಸ್ವಂತದವರು ಹೊರಗಿನವರು ಎಂದಿಲ್ಲ, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಮಹಾಲಕ್ಷ್ಮಿ ಕ್ಯಾಮೆರಾ ಚೀಲವನ್ನು ದಂಡೆಗೆ ಬಂದು ಕುಳಿತ ತಾಯಿಯ ಮಡಿಲಿಗೆ ಹಾಕಿ, ಸೆರಗು ಕಟ್ಟಿ, ಹಗ್ಗ ಹಿಡಿದಳು. ಒಂದು ಹಗ್ಗ ಸರಿಯಾಗಿ ಮದುವೆಯ ವೇದಿಕೆಯ ಮುಂದೆಯೇ ಹಾದಿತ್ತು. ಇವಳು ಹಿಡಿದದ್ದು ಅದೇ ಹಗ್ಗ.

ಎಳೆಯುತ್ತ ಎಳೆಯುತ್ತ ಐದೂವರೆಯಾಗುವಷ್ಟರಲ್ಲಿ ಪ್ರವೀಣ ಕೆನೆಬಣ್ಣದ ರೇಷ್ಮೆ ಜುಬ್ಬದಲ್ಲಿ ಓಡಿಬಂದ.

"ನಿಲ್ಸಿ! ಹಾರ ಬದಲಾಯಿಸೋ ಟೈಮ್! ಸೂರ್ಯ ಹೋಗ್ತಾನೆ! ಅರ್ಧ ಗಂಟೆ ನಿಲ್ಸಿ!"

"ನಂಗೆ ಎಂತಕೆ ಹೇಳ್ತ್ರಿ? ಬಂಗಡೆಗೆ ಹೇಳಿ," ಎಂದ ಮಂಜ, ಎಳೆಯುವುದನ್ನು ನಿಲ್ಲಿಸದೆ.

ಆಗ ಪ್ರವೀಣನಿಗೆ ಸಾಲಿನಲ್ಲಿದ್ದ ಮಹಾಲಕ್ಷ್ಮಿ ಕಂಡಳು. "ಮೇಡಂ, ನೀವಾ? ನೀವಾದ್ರೂ ಫ್ರೇಮ್ ಬಿಟ್ಟು ಆಚೆ ಹೋಗಿ!"

"ಒಂಬತ್ತು ವರ್ಷ ಕ್ಯಾಮೆರಾದ ಹಿಂದೆ ನಿಂತಿದ್ದೆ, ಆಗ ನಾ ನಿಮಗೆ ಕಂಡಿಲ್ಲ," ಎಂದಳು ಅವಳು. "ಇವತ್ತು ಮುಂದೆ ನಿಂತಿದ್ದೆ. ಸರಿ ನೋಡ್ಕಣಿ."

ಅವನಿಗೆ ತಲೆ ಕೆಟ್ಟಿತು. ಹಗ್ಗವನ್ನೇ ಬದಿಗೆ ಸರಿಸುತ್ತೇನೆಂದು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ತುಂಬಿದ ಬಲೆಯ ಹಗ್ಗ ಎಂದರೇನೆಂದು ಪಾಪ ಅವನಿಗೇನು ಗೊತ್ತು? ಅದೇ ಅವನನ್ನು ನಾಲ್ಕು ಹೆಜ್ಜೆ ಸಮುದ್ರದ ಕಡೆಗೆ ಎಳೆದೊಯ್ದಿತು. ಬಿಟ್ಟರೆ ಮುಖ ಮರಳಿಗೆ, ಬಿಡದಿದ್ದರೆ ಎಳೆಯಲೇಬೇಕು. ಎಳೆದ. ಹಿಂದಿನವರು "ಹೊಯ್ಸಾ!" ಎಂದಾಗ ಹಿಮ್ಮಡಿ ಊರಿ ಅವನೂ ಎಳೆದ. ವೇದಿಕೆಯ ಮೇಲೆ ಚಂದನಾ ಹಾರ ಹಿಡಿದುಕೊಂಡೇ ಬಿದ್ದು ಬಿದ್ದು ನಗುತ್ತಿದ್ದಳು. ಮುಂಬೈಯ ಕ್ಯಾಮೆರಾದವರು ಏನು ಮಾಡುವುದೆಂದು ತಿಳಿಯದೆ ಎಲ್ಲವನ್ನೂ ತೆಗೆಯುತ್ತಲೇ ಇದ್ದರು. ಸೂರ್ಯ ಮುಳುಗುವಷ್ಟರಲ್ಲಿ ಹಾರವೂ ಬದಲಾಯಿತು, ಬಲೆಯೂ ದಡಕ್ಕೆ ಬಂತು.

ಮಂಜ ಮರಳಿನ ಮೇಲೆ ಗುಪ್ಪೆ ಹಾಕುತ್ತ ಹೋದ, ಎಳೆದವರಿಗೆ ಒಬ್ಬೊಬ್ಬರಿಗೆ ಒಂದೊಂದು. ಕೊನೆಯದನ್ನು ಪ್ರವೀಣನ ಕಾಲ ಬಳಿ ಸುರಿದ.

"ನಂಗೆ ಬೇಡ," ಎಂದ ಪ್ರವೀಣ, ಏದುಸಿರು ಬಿಡುತ್ತ.

"ಬೇಡ ಅಂಬಂಗಿಲ್ಲ. ಹಗ್ಗಕ್ಕೆ ಕೈ ಹಚ್ಚಿದವಂಗೆ ಪಾಲು ಕೊಡದೆ ಕಳಿಸಿದ್ರೆ ನಾಳೆ ನಮ್ಮ ಬಲೆಗೆ ಮೀನು ಬೀಳೂದಿಲ್ಲ," ಎಂದ ಮಂಜ. ಹತ್ತಿರ ಬುಟ್ಟಿಯಿರಲಿಲ್ಲ. ಜುಬ್ಬದ ತುದಿಯನ್ನು ಅವನ ಕೈಯಲ್ಲೇ ಹಿಡಿಸಿ, ಬಂಗಡೆಗಳನ್ನು ಅದರಲ್ಲೇ ತುಂಬಿದ.

ಮಹಾಲಕ್ಷ್ಮಿ ತಾಯಿಯ ಮಡಿಲಿಂದ ಚೀಲ ತೆಗೆದಳು. ಕೈಯ ಉಪ್ಪುನೀರನ್ನು ಸೀರೆಗೆ ಒರೆಸಿಕೊಂಡಳು. ಸುತ್ತ ನೋಡಿ ವೇದಿಕೆಯಿಂದ ಒಂದು ಕುರ್ಚಿ ಎಳೆದು ತಂದು, ಮರಳಲ್ಲಿ ಊರಿ, ಹತ್ತಿ ನಿಂತಳು.

"ಸರ್, ಅಲ್ಲೇ ನಿಲ್ಲಿ," ಎಂದಳು. "ಫ್ರೇಮ್ ಬಿಟ್ಟು ಹೋಗಬೇಡಿ."

ಆ ಮದುವೆಯಲ್ಲಿ ಅವಳು ತೆಗೆದದ್ದು ಅದೊಂದೇ ಫೋಟೊ. ರೇಷ್ಮೆಯ ಮಡಿಲ ತುಂಬ ಬಂಗಡೆ, ಹಿಂದೆ ದೋಣಿ, ಬಲೆ, ಊರ ಜನವೆಲ್ಲ, ಕಾಲಡಿಯ ಒದ್ದೆ ಮರಳಲ್ಲಿ ಕೆಂಪು ಆಕಾಶ. ಮದುವೆಯ ವಿಡಿಯೊದ ಮೇಲೆ ಯಾರ ಹೆಸರು ಬಂತೋ, ಅವಳು ನೋಡಲು ಹೋಗಿಲ್ಲ. ಹೊನ್ನಾವರದ ಸ್ಟುಡಿಯೋದಲ್ಲಿ, ಮೆಟ್ಟಿಲು ಹತ್ತಿ ಬಂದವರಿಗೆ ಎದುರಿಗೇ ಕಾಣುವಂತೆ ಈ ಫೋಟೊ ಇದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾಳೆ: ಛಾಯಾಗ್ರಹಣ, ಮಹಾಲಕ್ಷ್ಮಿ, ಮಂಕಿ.