ವಿಭೂತಿ ನೋಡಿ ಜೀಪು ಹತ್ತಿದ್ದು

ಅಂತರಸಂತೆಯ ಸಂತೆಗೆ ಹೋದ ನನ್ನನ್ನು ಸಂಸ್ಥೆಯೊಂದರ ಹುಡುಗಿ ಪಂಚಾಯ್ತಿ ಜಗಲಿಯಲ್ಲಿ ಕೂರಿಸಿ, ಕಣ್ಣಿಗೆ ಕಪ್ಪು ಡಬ್ಬಿಯಂಥದ್ದೊಂದನ್ನು ಕಟ್ಟಿದಳು; ಅದರೊಳಗೆ ಸಿನಿಮಾ ಕಾಣುತ್ತದೆ, ನಾವೇ ಅದರೊಳಗೆ ಇದ್ದಂತೆ. ಕೆಲಸದ ಆಸೆ ತೋರಿಸಿ ಸಾಗಿಸಿದ ಹೆಣ್ಣುಮಕ್ಕಳ ಪಾಡು ಏನೆಂದು ಅವರ ಜಾಗದಲ್ಲೇ ನಿಂತು ನೋಡುವ ಆಟವಂತೆ.

"ನೀವೀಗ ಹದಿನಾರು ವರ್ಷದ ಹುಡುಗಿ, ಯಜಮಾನ್ರೆ" ಅಂದಳು. ಮೀಸೆ ಸವರಿಕೊಂಡೇ ಒಪ್ಪಿದೆ.

ಡಬ್ಬಿಯೊಳಗೆ ಬಸ್‌ಸ್ಟ್ಯಾಂಡು. ಹಣೆ ತುಂಬ ವಿಭೂತಿ ಧರಿಸಿದವನೊಬ್ಬ ಬಂದು, ಕೇರಳದಲ್ಲಿ ಹೊಲಿಗೆ ಕೆಲಸವಿದೆ, ಜೀಪು ಹತ್ತು ಅಂದ. ಕೈಮುಗಿದು ಹತ್ತಿದೆ. ಆಮೇಲೆ ಒಂದು ಕೋಣೆ, ಹೊರಗಿನಿಂದ ಚಿಲಕ. ಎಷ್ಟು ಕೂಗಿದರೂ ಯಾರೂ ತೆಗೆಯಲಿಲ್ಲ.

ಡಬ್ಬಿ ಬಿಚ್ಚಿದ ಹುಡುಗಿ ನಗುತ್ತಿದ್ದಳು. "ಬೇರೆಯವರು ಯಾವೂರು, ಯಾರು ಅಂತಾದ್ರೂ ಕೇಳ್ತಾರೆ. ನೀವು ಕೈಮುಗಿದು ಹತ್ತಿಬಿಟ್ರಿ."

"ವಿಭೂತಿ ಇತ್ತು ಕಣವ್ವ."

ನನಗೆ ನಗು ಬರಲಿಲ್ಲ. ಪಕ್ಕದ ಮನೆಯ ಮಾದೇವನ ಮಗಳಿಗೆ ಕೆಲಸ ಕೊಡಿಸುತ್ತೇನೆಂದು ಬಂದಿದ್ದವನ ಹಣೆ ನೋಡಿ, "ಶಿವಭಕ್ತ, ಕಳಿಸು" ಅಂದಿದ್ದವನು ನಾನೇ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಬಿಡದವನು. ಮಾದೇವನ ಮಗಳು ಮಾರನೆಯ ದಿನವೇ ಹೊರಡುವವಳಿದ್ದಳು.

ಸಂತೆ ಬಿಟ್ಟು ನೇರ ಮಾದೇವನ ಮನೆಗೆ ಹೋದೆ. "ಅವನ ಊರು, ಮನೆ ವಿಚಾರಿಸೋಗಂಟ ಮಗಳನ್ನ ಕಳಿಸಬ್ಯಾಡ ಕಣ್ಲಾ."

"ಒಪ್ಪಿಸಿದೋನು ನೀನೇ ಅಲ್ವೇನ್ಲಾ?"

"ಆಗ ನಾನಿನ್ನೂ ಆ ಜೀಪು ಹತ್ತಿರಲಿಲ್ಲ ಕಣ್ಲಾ."

ಬೆಳಿಗ್ಗೆ ಹುಡುಗಿಯನ್ನು ಕರೆದೊಯ್ಯಲು ಬಂದವನನ್ನು ಮಾದೇವ ವಿಳಾಸ ಕೇಳಿದ. ಬರೆದುಕೊಂಡು ಬರುತ್ತೇನೆಂದು ಹೋದವನು ಇನ್ನೂ ಬರೆಯುತ್ತಲೇ ಇದ್ದಾನೆ. ವಿಭೂತಿಗೆ ನಾನು ಈಗಲೂ ಕೈಮುಗಿಯುತ್ತೇನೆ, ಹಚ್ಚಿಕೊಂಡವನ ಊರು ಯಾವುದೆಂದು ಕೇಳಿಕೊಂಡ ಮೇಲೆ.