ಕಸವಿಲ್ಲದ ಮನೆಗೆ ಕೆಂಪು ಚೀಟಿ

ನಮ್ಮ ಗೇಟಿಗೆ ನಗರಪಾಲಿಕೆಯವರು ಕೆಂಪು ಚೀಟಿ ಅಂಟಿಸಿದ್ದು ಮಂಗಳವಾರ ಎಂದು ನನ್ನ ನೆನಪು. ಅಮ್ಮ ಶುಕ್ರವಾರ ಎನ್ನುತ್ತಾಳೆ. ಅವತ್ತು ಬಾಗಿಲಿಗೆ ದೊಡ್ಡ ಕೋಲ, ಅಂದರೆ ರಂಗೋಲಿ, ಹಾಕಿದ್ದಳಂತೆ, ಚೀಟಿ ಅಂಟಿಸಿದವನು ಅದನ್ನು ತುಳಿದುಕೊಂಡೇ ಹೋದನಂತೆ. ಅವಳು ಹೇಳುವುದೇ ಸರಿಯಿರಬಹುದು. ವಿಶ್ವವಿದ್ಯಾಲಯದಲ್ಲಿ ಎಲ್ಲರ ಸಾಕ್ಷ್ಯವನ್ನೂ ಅನುಮಾನಿಸಲು ಕಲಿತು ಬಂದವನು ನಾನು, ಈಗ ನನ್ನ ಸಾಕ್ಷ್ಯವೇ ನನಗೆ ಸಾಲುತ್ತಿಲ್ಲ. ಸಿಟ್ಟಿನ ಬಗ್ಗೆ ಮಾತ್ರ ಅನುಮಾನವಿಲ್ಲ.

ಆರ್.ಎಸ್. ಪುರಂನ ನಮ್ಮ ಬೀದಿಯನ್ನು ಹಸಿರು ಬೀದಿ ಮಾಡಲು ಹೊರಟಿದ್ದರು. ಬೆಳಿಗ್ಗೆ ಕಸದ ಆಟೋ ಹಾಡುತ್ತಾ ಬರುತ್ತಿತ್ತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ. ಯಾವ ಮನೆ ಏನು ಕೊಟ್ಟಿತು ಎಂದು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವರು. ತಿಂಗಳ ಕೊನೆಗೆ ಸರಿಯಾಗಿ ಕೊಟ್ಟ ಮನೆಗೆ ಹಸಿರು ಚೀಟಿ, ಕೊಡದ ಮನೆಗೆ ಕೆಂಪು.

ನಮ್ಮಲ್ಲಿ ಕೊಡಲು ಹಸಿ ಕಸವೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ ಎಲ್ಲವೂ ಗೇಟಿನ ಒಳಗಿದ್ದ ಕಲಗಚ್ಚಿನ ಕೊಡಕ್ಕೆ. ಮಧ್ಯಾಹ್ನ ಹಾಲಿನ ಹೆಂಗಸು ಬಂದು ತನ್ನ ಎರಡು ಹಸುಗಳಿಗೆಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಹೋಗುವಳು. ಅಮ್ಮ ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡ ನೇಕಾರರ ಮನೆಯ ಮಗಳು. ಅವಳ ತವರಿನಲ್ಲಿ ಗಂಜಿ ಮೊದಲು ನೂಲಿಗೆ, ಉಳಿದದ್ದು ಹಸುವಿಗೆ, ಮೋರಿಗೆ ಏನೂ ಇಲ್ಲ. ಕೊಡದಲ್ಲಿ ಮೆಣಸಿನಕಾಯಿ ತುಂಡು ಬಿದ್ದಿದ್ದರೆ ಮೊಣಕೈವರೆಗೆ ಕೈ ಹಾಕಿ ಹುಡುಕಿ ತೆಗೆಯುವಳು, ಹಸುವಿನ ಬಾಯಿ ಉರಿದೀತೆಂದು.

ಚೀಟಿಗೆ ಮೊದಲು ಸೂಪರ್‌ವೈಸರ್ ವಿಚಾರಣೆಗೆ ಬಂದಿದ್ದ. ಮಾತೆಲ್ಲ ತಮಿಳಿನಲ್ಲಿ.

"ಏನಮ್ಮಾ, ಈ ಮನೇಲಿ ಒಲೆ ಹಚ್ಚೋದೇ ಇಲ್ವಾ? ತಿಂಗಳಿಂದ ಹಸಿರು ಬುಟ್ಟಿ ಖಾಲಿ."

"ಮೂರು ಹೊತ್ತೂ ಹಚ್ತೀನಿ ತಂಬಿ. ಕೂತ್ಕೋ, ಉಂಡು ನೋಡು."

"ಮತ್ತೆ ಸಿಪ್ಪೆಯೆಲ್ಲ ಎಲ್ಲಿ ಹೋಗುತ್ತೆ? ಪಕ್ಕದ ಖಾಲಿ ಜಾಗಕ್ಕಾ?"

"ಹಸು ತಿನ್ನುತ್ತೆ."

"ಹಸುವಿಗೆ ನಮ್ಮ ಆ್ಯಪ್‌ನಲ್ಲಿ ಜಾಗ ಇಲ್ಲಮ್ಮಾ."

ಅಮ್ಮ ನನ್ನ ಕಡೆ ತಿರುಗಿ ತಮಿಳು ಬೆರೆತ ನಮ್ಮ ಕನ್ನಡದಲ್ಲಿ, "ನೀನಾದ್ರೂ ಕೊಂಜ ಹೇಳು ಕಣ್ಣು, ಅಷ್ಟೊಂದು ಓದಿದೀಯಲ್ಲ," ಎಂದಳು.

ನಾನು ಹೇಳಿದೆ. ಊರಾಚೆ ಹೊಗೆಯಾಡುವ ಕಸದ ಗುಡ್ಡಕ್ಕೆ ನಮ್ಮ ಮನೆಯಿಂದ ಒಂದು ಹಿಡಿಯೂ ಹೋಗಿಲ್ಲ, ನೀವು ಕಲಿಸಲು ಬಂದದ್ದನ್ನು ಇವಳು ಹುಟ್ಟಿದಾಗಿನಿಂದ ಮಾಡುತ್ತಿದ್ದಾಳೆ ಎಂದೆ. ಅವನು ತಲೆ ತಗ್ಗಿಸಿದ. ನನಗೆ ಹಾಗೆ ನೆನಪು.

ಆದರೂ ಕೆಂಪು ಚೀಟಿ ಬಂತು. ಕೊಡದಲ್ಲಿ ಸೊಳ್ಳೆಯಾಗುತ್ತದೆ, ತೆಗೆಯಿರಿ ಎಂಬ ಆಜ್ಞೆಯೂ ಬಂತು. ದಿನಾ ಸಂಜೆ ತೊಳೆದಿಡುವ ಕೊಡದಲ್ಲಿ ಸೊಳ್ಳೆ! ಎದುರು ಮನೆಯವರ ಬುಟ್ಟಿಯಲ್ಲಿ ನಿನ್ನೆಯ ಬಿರಿಯಾನಿ, ಮೊನ್ನೆಯ ಇಡ್ಲಿ ತುಂಬಿ ತುಳುಕುತ್ತಿತ್ತು. ಅವರಿಗೆ ಹಸಿರು ಚೀಟಿ. "ಏನಕ್ಕಾ, ಓದಿದವರ ಮನೆಗೇ ಕೆಂಪಾ?" ಎಂದು ಆ ಮನೆಯಾಕೆ ಗೇಟಿನ ಮೇಲೆ ಮೊಣಕೈಯೂರಿ ನಕ್ಕಳು. ಎಸೆದವರಿಗೆ ಬಹುಮಾನ, ಎಸೆಯದವರಿಗೆ ಅವಮಾನ. ಇದನ್ನು ಯೋಚಿಸಿದವನು ಒಂದು ದಿನವಾದರೂ ಅಕ್ಕಿ ತೊಳೆದಿದ್ದಾನೆಯೇ?

ಅವತ್ತು ಮಧ್ಯಾಹ್ನ ಹಾಲಿನ ಹೆಂಗಸು ಒಳಗೆ ಬರಲಿಲ್ಲ.

"ಬೇಡಕ್ಕಾ. ಇನ್ನೊಂದು ಸಲ ಈ ಬೀದೀಲಿ ಬಕೆಟ್ ಕಂಡ್ರೆ ಹಸೂನೇ ಹಿಡ್ಕೊಂಡು ಹೋಗ್ತೀನಿ ಅಂದವ್ನೆ ಆ ಸೂಪರ್‌ವೈಸರು."

"ಇವತ್ತಿಂದು ಮಾತ್ರ ತಗೊಂಡೋಗು."

ಅವಳು ತಲೆಯಾಡಿಸಿ ಖಾಲಿ ಬಕೆಟ್ಟಿನೊಂದಿಗೆ ಹೊರಟುಹೋದಳು. ಅಮ್ಮ ಕೊಡವನ್ನು ಮೋರಿಗೆ ಸುರಿದಳು. ಗಂಜಿ ಮೋರಿಗೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊಡ ತೊಳೆದು ಬೋರಲು ಹಾಕಿದಳು.

ಮುಂದಿನ ತಿಂಗಳು ನಮಗೂ ಹಸಿರು ಚೀಟಿ ಬಂತು. ಕಿತ್ತು ಬಿಸಾಡುತ್ತೇನೆಂದು ಎದ್ದೆ.

"ಇರ್ಲಿ ಬುಡು. ಕಿತ್ರೆ ತಿರುಗಾ ಬತ್ತಾನೆ."

"ಅವತ್ತು ಅವನಿಗೆ ಅಷ್ಟೆಲ್ಲ ಹೇಳಿದೆನಲ್ಲಮ್ಮ. ನಾಚಿಕೆಯಾಗಬೇಕಿತ್ತು."

ಅಮ್ಮ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನೀ ಎಲ್ಲಿ ಮಾತಾಡ್ದೆ ಕಣ್ಣು? ಫೋನ್ ನೋಡ್ಕೊಂಡು ನಿಂತಿದ್ದೆ. ಅವ್ನು ಹೋದ್ಮೇಲೆ ನನ್ ಹತ್ರ ಹೇಳ್ದೆ."

ಅವಳು ಸಿಪ್ಪೆಯನ್ನು ಹಸಿರು ಬುಟ್ಟಿಗೆ ಹಾಕಿ, ಅದರೊಳಗೆ ಕೈಯಿಟ್ಟು ಒಂದು ಮೆಣಸಿನಕಾಯಿ ತುಂಡನ್ನು ಹುಡುಕಿ ತೆಗೆದಳು.