ಸರ್ವರ್ ನಿಧಾನ ಎಂದು ನಾನು ಹೇಳಲಿಲ್ಲ

ಚಿಂತಾಮಣಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಕಳೆದ ವರ್ಷ ದುಭಾಷಿಯ ಕೆಲಸವೊಂದು ಬಂತು. ಸರ್ಕಾರದ ಸೇವೆಗಳನ್ನು ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿ ಕೊಡುವುದನ್ನು ಒಬ್ಬರಿಂದೊಬ್ಬರು ಕಲಿಯಲು ಕೆಲವು ದೇಶಗಳು ಒಪ್ಪಂದ ಮಾಡಿಕೊಂಡಿದ್ದವಂತೆ. ಅವರ ತಂಡ ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರ ಸೇವಾ ಕೇಂದ್ರ ನೋಡಲು ಬರುತ್ತಿತ್ತು. ಒಳ್ಳೆಯದನ್ನು ಪೂರ್ತಿ ಹೇಳಿ, ಉಳಿದದ್ದನ್ನು ಮೊಟಕು ಮಾಡಿ ಎಂದು ಜೊತೆಗಿದ್ದ ಅಧಿಕಾರಿ ಕಾರಿನಲ್ಲೇ ನನಗೆ ತಿಳಿಸಿದರು.

ಕೇಂದ್ರದಲ್ಲಿ ಅಲ್ಲಿನ ಗುಮಾಸ್ತರೇ ಒಬ್ಬರು ಗುರುತಿನ ಯಂತ್ರದ ಮೇಲೆ ಬೆರಳಿಟ್ಟರು. ಹಸಿರು ದೀಪ ಹತ್ತಿತು, ಪ್ರಮಾಣಪತ್ರ ಹೊರಬಂತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಆಫ್ರಿಕಾದಿಂದ ಬಂದಿದ್ದ ಹೆಂಗಸೊಬ್ಬರು ಮಾತ್ರ ಬಾಗಿಲ ಬಳಿ ಕೂತಿದ್ದ ಅಜ್ಜಿಯನ್ನು ತೋರಿಸಿ, ಅವರಿಗೇನು ಕೆಲಸ ಎಂದು ಕೇಳಿದರು.

ಅಜ್ಜಿ ಎದ್ದು ಬಂದು ಎರಡೂ ಕೈ ಚಾಚಿದರು. ಕುದಿನೀರಿನಲ್ಲಿ ರೇಷ್ಮೆ ಗೂಡು ತಡವಿ ಎಳೆ ತೆಗೆದೂ ತೆಗೆದೂ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು.

"ನನ್ ಬೆರಳು ಮಿಷನ್ನಿಗೆ ಹತ್ತಲ್ಲ ಕಣಮ್ಮ. ಅದುಕ್ಕೆ ಫೋನಿಗೆ ನಂಬರ್ ಕಳಿಸ್ತಾರೆ. ಅದು ಹೋಗೋದು ಈ ಸೆಂಟರ್‌ನೋರ ಫೋನಿಗೆ. ನನ್ ಹೆಸ್ರಲ್ಲಿ ಏನ್ ಒತ್ತುತಾರೋ ನಂಗೇನ್ ಗೊತ್ತು? ವಿಧವಾ ವೇತನ ನಿಂತೋಗೈತೆ."

ಅಧಿಕಾರಿ ನನ್ನತ್ತ ಬಾಗಿದರು. "ಸರ್ವರ್ ನಿಧಾನ ಅಂತಿದಾರೆ ಅಂತ ಹೇಳ್ಬಿಡಿ ಮೇಡಂ."

ನಾನು ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಆ ಹೆಂಗಸು ಅಜ್ಜಿಯ ಬೆರಳುಗಳನ್ನು ಹಿಡಿದು ನೋಡಿದರು. ತಮ್ಮ ಊರಿನಲ್ಲಿ ಕಬ್ಬು ಕಡಿಯುವವರ ಕೈಯೂ ಹೀಗೇ ಸವೆದಿರುತ್ತದೆ ಎಂದರು. ಇವರ ಗುಟ್ಟಿನ ನಂಬರು ಇನ್ನೊಬ್ಬರ ಫೋನಿನಲ್ಲಿದ್ದರೆ ಇದನ್ನು ಸುರಕ್ಷಿತ ಅನ್ನುವುದು ಹೇಗೆ ಎಂದು ಅಧಿಕಾರಿಯನ್ನು ಕೇಳಿದರು. ಅಧಿಕಾರಿಗೆ ಇಂಗ್ಲಿಷ್ ಬರುತ್ತಿತ್ತು. ಆದರೂ ಹೊರಗೆ ಸಾಲಿನಲ್ಲಿ ಕಾಯುತ್ತಿದ್ದವರಿಗೆ ಕೇಳಲೆಂದು ಆ ಪ್ರಶ್ನೆಯನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ಸಾಲಿನಿಂದ ಇನ್ನಿಬ್ಬರು ಹೆಂಗಸರು ಮುಂದೆ ಬಂದು ಕೈ ತೋರಿಸಿದರು.

ಮರುದಿನ ತಂಡದ ಜೊತೆ ಗೌರಿಬಿದನೂರಿಗೆ ಬೇರೆ ದುಭಾಷಿ ಹೋದರು. ವಾರ ಕಳೆಯುವುದರೊಳಗೆ ಇಲಾಖೆಯವರು ನನ್ನಿಂದ ವಿವರಣೆ ಕೇಳಿದರು. ಅಜ್ಜಿಯ ಮಾತನ್ನು ತಪ್ಪು ತಿಳಿದುಕೊಂಡೆ ಎಂದು ಬರೆದುಕೊಟ್ಟರೆ ಮುಗಿಯುತ್ತದೆ ಎಂದು ಹೆಡ್‌ಮಾಸ್ಟರು ಕಾಳಜಿಯಿಂದಲೇ ಹೇಳಿದರು.

"ಸರಿಯಾಗೇ ತಿಳ್ಕೊಂಡಿದೀನಿ ಸಾರ್," ಎಂದೆ. "ಮತ್ತೆ ಕರೆದ್ರೂ ಅದನ್ನೇ ಹೇಳ್ತೀನಿ."

ಬರೆದುಕೊಟ್ಟದ್ದೂ ಅದನ್ನೇ. ಕೆಲವು ತಿಂಗಳ ಮೇಲೆ ಆ ಕೇಂದ್ರಕ್ಕೆ ಕಣ್ಣು ನೋಡಿ ಗುರುತಿಸುವ ಯಂತ್ರ ಬಂತು. ಅಜ್ಜಿಯ ಹೆಸರಿನ ಮುಂದೆ ಅವರ ಮಗಳ ಫೋನ್ ನಂಬರು ಸೇರಿ, ವೇತನ ಮತ್ತೆ ಶುರುವಾಯಿತು. ನನ್ನ ಮೇಲಿನ ಫೈಲು ಇನ್ನೂ ಮುಚ್ಚಿಲ್ಲವಂತೆ. ತೆರೆದೇ ಇರಲಿ.